ಕಾರಿನ ಬಾಗಿಲಿಗೆ ಬಗ್ಗಿದ ಸೊಂಟ

ನಿಖಿಲ, ಕಾವ್ಯ,

ಮೊನ್ನೆ ಭಾನುವಾರ ನಿಖಿಲ ಶೆಡ್ಡಿಗೆ ಬಂದವನು ನನ್ನನ್ನು ಕೇಳದೆ ಪಾಲಿಶ್ ಮಶೀನು ಎತ್ತಿಕೊಂಡ. ಕಾರಿನ ಬಾಗಿಲಿನ ಕೆಳಭಾಗಕ್ಕೆ ಸೊಂಟದಿಂದಲೇ ಬಗ್ಗಿ ನಿಂತ. ಮೊಣಕಾಲು ನೆಟ್ಟಗೆ, ಬೆನ್ನು ಬಿಲ್ಲಿನ ಹಾಗೆ. ನಾನು ಹೋಗಿ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟೆ. "ಕ್ಯಾ ಹುವಾ ಅಜ್ಜಿ, ನಾನು ಜಸ್ಟ್ ಟ್ರೈ ಮಾಡ್ತಿದ್ದೆ" ಎಂದು ಅವನು ಮುಖ ಸಪ್ಪೆ ಮಾಡಿದ. ಒಳಗೆ ಹೋಗಿ ನೀರು ಕುಡಿದು ಬಂದೆ.

ನಿಮಗಿಬ್ಬರಿಗೂ ಗೊತ್ತಿರುವುದು ಇಷ್ಟೇ. ಅಜ್ಜಿಗೆ ಸೊಂಟ ನೋವು ಬಂತು, ಆಪರೇಷನ್ ಆಯಿತು, ಗುಣವಾಯಿತು. ಆಗ ನಿಮ್ಮಿಬ್ಬರಿಗೂ ಪರೀಕ್ಷೆ. ಉಳಿದದ್ದನ್ನು ನಿಮ್ಮ ಅಪ್ಪ ಅಮ್ಮ ನಿಮಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಾಲ್ಕು ಜನರ ಎದುರು ಬಾಯಿ ತೆರೆದರೆ ಮಾತು ಹಿಂದಕ್ಕೆ ಓಡುತ್ತದೆ. ಕಾಗದದ ಮುಂದೆ ಕುಳಿತರೆ ಅಷ್ಟು ಭಯವಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಸರಕಾರಿ ಕಚೇರಿಯೊಂದರಲ್ಲಿ ಸಾಹೇಬರ ಕಾರಿನ ಡ್ರೈವರ್ ಆಗಿದ್ದರು. ಕಾರನ್ನು ಕನ್ನಡಿಯ ಹಾಗೆ ಇಡುವುದು ಅವರಿಗೆ ಹುಚ್ಚು. ನಿವೃತ್ತರಾದ ಮೇಲೆ ದಿಲ್ಲಿಯ ರೋಹಿಣಿಯಲ್ಲಿ ನಮ್ಮ ಸೆಕ್ಟರಿನ ಮಾರ್ಕೆಟ್ಟಿನ ಹಿಂದೆ ತಗಡಿನ ಶೆಡ್ ಹಿಡಿದು ಅದೇ ಕೆಲಸ ಶುರು ಮಾಡಿದರು. ಇಲ್ಲಿಯವರು ಅದಕ್ಕೆ ರಬ್ಬಿಂಗ್ ಎನ್ನುತ್ತಾರೆ. ಕಾರು ತೊಳೆದು, ಬಣ್ಣದ ಮೇಲೆ ಕಂಪೌಂಡ್ ಎನ್ನುವ ಪೇಸ್ಟ್ ಹಚ್ಚಿ, ತಿರುಗುವ ಮಶೀನಿಗೆ ಪ್ಯಾಡ್ ಸಿಕ್ಕಿಸಿ ಉಜ್ಜಿದರೆ ಗೀರುಗಳು ಮಾಯವಾಗುತ್ತವೆ. ತೊಳೆಯುವುದಕ್ಕೆ ಭೋಲಾ ಇದ್ದ, ಈಗಲೂ ಇದ್ದಾನೆ. ನಾನು ಮೊದಲು ಮಧ್ಯಾಹ್ನದ ಊಟ ಕೊಟ್ಟು ಬರಲು ಹೋಗುತ್ತಿದ್ದೆ. ಆಮೇಲೆ ಬಟ್ಟೆಯಲ್ಲಿ ಒರೆಸಿಕೊಡತೊಡಗಿದೆ. ಅಜ್ಜನ ಭುಜ ನೋಯತೊಡಗಿದಾಗ ಮಶೀನನ್ನೂ ಹಿಡಿದೆ. ಕೈಗೆ ಬೇಗ ಹತ್ತಿತು. ಕಾರಿನ ಮುಂದೆ ಮಾತಾಡಬೇಕಾಗಿಲ್ಲವಲ್ಲ, ಆ ಕೆಲಸ ನನಗೆ ಹಿಡಿಸಿತು. ಗಿರಾಕಿಗಳ ಹತ್ತಿರ ಅಜ್ಜ ಮಾತಾಡುತ್ತಿದ್ದರು.

ಅವರು ತೀರಿಕೊಂಡ ಮೇಲೆ ನಿಮ್ಮ ಅಪ್ಪ ಶೆಡ್ ಮುಚ್ಚೋಣ ಎಂದ. ಅವನದು ಮಾನೇಸರಿನ ಫ್ಯಾಕ್ಟರಿ ಕೆಲಸ, ಬೆಳಗಾಗುವ ಮೊದಲೇ ಕಂಪನಿ ಬಸ್ಸು. ಶೆಡ್ಡನ್ನು ನೋಡಿಕೊಳ್ಳಲು ಅವನಿಗೆ ಪುರುಸೊತ್ತಿಲ್ಲ. ನಾನು ನಡೆಸುತ್ತೇನೆ ಎಂದೆ. ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದು ಅವನಿಗೇ ಆಶ್ಚರ್ಯ. ಮನೆಯಲ್ಲಿ ಕುಳಿತರೆ ದಿನವಿಡೀ ಅವರ ಕುರ್ಚಿ ನೋಡುತ್ತಾ ಇರಬೇಕಾಗುತ್ತದೆ ಎಂದು ಅವನಿಗೆ ಹೇಳಲಿಲ್ಲ.

ಈಗ ನೋವಿನ ಮಾತು. ಬಾನೆಟ್ಟು, ಡಿಕ್ಕಿ ಇವುಗಳನ್ನು ನಿಂತು ಮಾಡಬಹುದು. ಬಾಗಿಲಿನ ಕೆಳಭಾಗ, ಬಂಪರು, ಚಕ್ರದ ಸುತ್ತ ಇವೇ ಕಷ್ಟದವು. ಅಜ್ಜ ಅವನ್ನೆಲ್ಲ ಗಾಲಿ ಹಚ್ಚಿದ ಒಂದು ಗಿಡ್ಡ ಸ್ಟೂಲಿನ ಮೇಲೆ ಕುಳಿತು ಮಾಡುತ್ತಿದ್ದರು. ಕಾಲಿನಿಂದ ನೂಕಿಕೊಂಡು ಕಾರಿನ ಸುತ್ತ ಸರಿಯುತ್ತಿದ್ದರು. ಆ ಸ್ಟೂಲು ಶೆಡ್ಡಿನಲ್ಲೇ ಇತ್ತು. ನಾನು ಅದರ ಮೇಲೆ ಒಮ್ಮೆಯೂ ಕೂರಲಿಲ್ಲ. ನಮ್ಮ ಕಡೆ ಗಂಡನ ಮಣೆಯ ಮೇಲೆ ಹೆಂಡತಿ ಕೂರುವುದಿಲ್ಲ. ಅವರು ಬದುಕಿದ್ದಾಗ ಕೂತಿರಲಿಲ್ಲ, ಹೋದ ಮೇಲೆ ಕೂರುವುದು ಇನ್ನೂ ತಪ್ಪು ಅನ್ನಿಸಿತು. ಬೇರೆ ಸ್ಟೂಲು ತರಬಹುದಿತ್ತು. ಅವರದ್ದು ಅಲ್ಲೇ ಇರುವಾಗ ಪಕ್ಕದಲ್ಲಿ ಇನ್ನೊಂದು ತಂದಿಡುವುದು ಅವರನ್ನು ಆಚೆಗೆ ಸರಿಸಿದ ಹಾಗೆ ಕಂಡಿತು. ಆದ್ದರಿಂದ ನಾನು ಬಗ್ಗಿದೆ. ಚಿಕ್ಕವಳಿದ್ದಾಗ ಗದ್ದೆಯಲ್ಲಿ ಭತ್ತದ ನೇಜಿ ನೆಡಲು ಬಗ್ಗುತ್ತಿದ್ದೆವಲ್ಲ, ಹಾಗೆ. ಒಮ್ಮೆ ಬಗ್ಗಿದರೆ ಸಾಲು ಮುಗಿಯುವ ತನಕ ಏಳಬಾರದು, ಎದ್ದೆದ್ದು ಬಗ್ಗಿದರೆ ಸೊಂಟ ಹಿಡಿಯುತ್ತದೆ ಎಂದು ದೊಡ್ಡವರು ಹೇಳುತ್ತಿದ್ದರು. ಒಂದೊಂದು ಬಾಗಿಲನ್ನೂ ನಾನು ಒಂದು ಸಾಲು ಎಂದೇ ಲೆಕ್ಕ ಹಾಕಿದೆ. ಗದ್ದೆಯಲ್ಲಿ ಕೈಯಲ್ಲಿದ್ದದ್ದು ಹುಲ್ಲಿನಷ್ಟು ಹಗುರದ ನೇಜಿ. ಇಲ್ಲಿ ಗರಗರ ತಿರುಗುವ, ಭಾರದ ಮಶೀನು.

ಒಂದು ದಿನ ಬಿಳಿ ಕಾರೊಂದರ ಹಿಂದಿನ ಬಾಗಿಲು ಮಾಡುತ್ತಿದ್ದಾಗ ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಕರೆಂಟು ಹೊಡೆದ ಹಾಗಾಯಿತು. ಮಶೀನೇ ಶಾಕ್ ಕೊಟ್ಟಿತು ಎಂದುಕೊಂಡೆ. ಅದನ್ನು ಕಾರಿನಿಂದ ದೂರ ಹಿಡಿದೇ ಗುಂಡಿ ಆರಿಸಿದೆ, ಕೆಳಗಿಟ್ಟೆ. ಆಮೇಲೆ ನೆಟ್ಟಗಾಗಲು ನೋಡಿದರೆ ಆಗಲಿಲ್ಲ. ಬಗ್ಗಿದವಳು ಬಗ್ಗಿದ ಹಾಗೆಯೇ ಕಾರಿಗೆ ಕೈಯಾನಿಸಿ ನಿಂತೆ. ಭೋಲಾ ಬಂದು ವೈರು ಮುಟ್ಟಿ ನೋಡಿ, "ಮಶೀನ್ ಠೀಕ್ ಹೈ ಅಮ್ಮಾ, ಆಪ್ ಠೀಕ್ ನಹೀ ಹೋ" ಎಂದ.

ನಿಮ್ಮ ಅಪ್ಪನಿಗೆ ತಿಳಿದರೆ ಶೆಡ್ಡಿಗೆ ಬೀಗ ಬೀಳುತ್ತದೆ. ಸುಮ್ಮನಿದ್ದೆ. ಭೋಲಾ, ಹತ್ತಿರದ ಗಲ್ಲಿಯಲ್ಲಿ ಮೂಳೆ ಕೂರಿಸುವ ಪೈಲ್ವಾನನೊಬ್ಬ ಇದ್ದಾನೆ, ಬೆನ್ನಿನ ಮೇಲೆ ಕಾಲಿಟ್ಟು ಒಮ್ಮೆ ಒತ್ತಿದರೆ ಟಕ್ಕೆಂದು ಸರಿಯಾಗುತ್ತದೆ ಎಂದ. ಪರಗಂಡಸು ಬೆನ್ನು ಮುಟ್ಟುವುದನ್ನು ನೆನೆದೇ ನಾನು ಹೋಗಲಿಲ್ಲ. ಮುಂದೊಂದು ದಿನ ಡಾಕ್ಟರು ಇದನ್ನು ಕೇಳಿ, ಹೋಗದಿದ್ದದ್ದು ಒಳ್ಳೆಯದಾಯಿತು ಎಂದರು. ಆ ಒಂದು ಸಲ ನನ್ನ ನಾಚಿಕೆ ನನ್ನನ್ನು ಕಾಪಾಡಿತು.

ನೋವು ಹೆಚ್ಚಾಯಿತು. ಕುಳಿತರೆ ನೋವು, ಕೆಮ್ಮಿದರೆ ನೋವು. ಎಡಗಾಲಿನ ಬೆರಳುಗಳು ಜೋಮು ಹಿಡಿದು ಚಪ್ಪಲಿ ಯಾವಾಗ ಜಾರಿತೆಂದೇ ತಿಳಿಯುತ್ತಿರಲಿಲ್ಲ. ನನಗೆ ನೋವಿಗಿಂತ ಆ ಜೋಮಿನ ಭಯ ಹೆಚ್ಚು. ನಮ್ಮ ಊರಿನಲ್ಲಿ ನನ್ನ ದೊಡ್ಡಮ್ಮ ಕೊನೆಯ ವರ್ಷಗಳನ್ನು ಹಾಸಿಗೆಯಲ್ಲೇ ಕಳೆದಿದ್ದಳು. ಅವಳ ಬಟ್ಟೆ ಬದಲಾಯಿಸುವುದು, ತೊಳೆಸುವುದು ನಾನೂ ಮಾಡಿದ್ದೆ. ಮಾಡುವಾಗ ಅವಳು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ನನಗೆ ಸಾವಿನ ಭಯ ಅಷ್ಟಿರಲಿಲ್ಲ. ಎರಡು ಕೋಣೆಯ ಈ ಫ್ಲ್ಯಾಟಿನಲ್ಲಿ, ನಿಮ್ಮೆಲ್ಲರ ನಡುವೆ, ಬಚ್ಚಲಿಗೆ ನಾನಾಗಿ ಹೋಗಲಾಗದವಳಾಗಿ ಬದುಕುವುದು ಇದೆಯಲ್ಲ, ಅದರ ಭಯ. ಕಾಲು ಜೋಮು ಹಿಡಿದಾಗಲೆಲ್ಲ ದೊಡ್ಡಮ್ಮ ಗೋಡೆಯ ಕಡೆ ತಿರುಗುವುದು ಕಾಣುತ್ತಿತ್ತು.

ನಾನು ಕುಂಟುವುದು ನಿಮ್ಮ ಅಪ್ಪನ ಕಣ್ಣಿಗೆ ಬಿದ್ದೇ ಬಿತ್ತು. ರಜೆ ಹಾಕಿ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಚಿಕ್ಕ ಕ್ಲಿನಿಕ್ಕು, ಹೊರಗೆ ಕೂರಲು ಕಬ್ಬಿಣದ ಬೆಂಚು. ಬೆಂಚಿನ ಮೇಲಿದ್ದವರೆಲ್ಲ ಒಂದು ಕಡೆಗೆ ವಾಲಿ ಕುಳಿತಿದ್ದರು. ನಾನೂ ವಾಲಿದೆ. ಪಕ್ಕದ ಹೆಂಗಸು ನಕ್ಕು ಸ್ವಲ್ಪ ಸರಿದು ಜಾಗ ಕೊಟ್ಟಳು.

ಒಳಗೆ ಡಾಕ್ಟರು ಕಾಲು ಎತ್ತಿಸಿದರು, ಬೆರಳು ಆಡಿಸಿದರು. ಆಮೇಲೆ ನಿಮ್ಮ ಅಪ್ಪನ ಕಡೆ ನೋಡಿ ಹಿಂದಿಯಲ್ಲಿ, ಪೇಶಾಬ್, ಅಂದರೆ ಮೂತ್ರ, ಸರಿಯಾಗಿ ಆಗುತ್ತಿದೆಯೇ, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯುತ್ತಿದೆಯೇ, ಕೇಳಿ ಎಂದರು. ಇಷ್ಟು ವರ್ಷ ದಿಲ್ಲಿಯಲ್ಲಿ ಇದ್ದು ನನಗೆ ಅಷ್ಟು ಹಿಂದಿ ಬಾರದೇ ಇರುತ್ತದೆಯೇ? ಪ್ರಶ್ನೆ ಪೂರ್ತಿ ತಿಳಿಯಿತು. ಆದರೂ ನಾನು ಮಗನ ಮುಖ ನೋಡಿದೆ. ಅವನ ಕಿವಿ ಕೆಂಪಾಗಿತ್ತು. ಮೇಜಿನ ಮೇಲಿನ ಪೇಪರ್‌ವೇಟ್ ನೋಡುತ್ತಾ ಅವನು ಕನ್ನಡದಲ್ಲಿ ಕೇಳಿದ.

"ಅಮ್ಮ, ಬೇರೆ ಎಲ್ಲಾ ಸರಿ ಇದೆ ಅಲ್ವಾ?"

"ಹೂಂ" ಎಂದೆ.

"ಸಬ್ ಠೀಕ್ ಹೈ ಡಾಕ್ಟರ್ ಸಾಬ್" ಎಂದು ಅವನು ಹೇಳಿದ. ಇಬ್ಬರಿಗೂ ಹಗುರವಾಯಿತು.

ಸರಿ ಇರಲಿಲ್ಲ. ಕೆಲವು ದಿನಗಳಿಂದ ಬಚ್ಚಲಲ್ಲಿ ಬಹಳ ಹೊತ್ತು ಕೂರಬೇಕಾಗುತ್ತಿತ್ತು. ಕುಳಿತ ಜಾಗದಲ್ಲಿ ದಪ್ಪ ಕಂಬಳಿ ಹಾಸಿದ ಹಾಗೆ ಏನೂ ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಅದು ವಯಸ್ಸಾದ ಹೆಂಗಸರ ತೊಂದರೆ, ಸೊಂಟಕ್ಕೂ ಅದಕ್ಕೂ ಏನು ಸಂಬಂಧ ಎಂದು ನನಗೆ ನಾನೇ ಹೇಳಿಕೊಂಡೆ. ಡಾಕ್ಟರು ಅದನ್ನೇ ಕೇಳಿದಾಗ ಮಾತ್ರ ಅನುಮಾನ ಬಂತು. ಸಂಬಂಧ ಇಲ್ಲದಿದ್ದರೆ ಅವರು ಯಾಕೆ ಕೇಳುತ್ತಾರೆ? ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮನೆಗೆ ಬಂದೆ. ಮಾತ್ರೆ ಕೊಟ್ಟಿದ್ದರು, ಮಲಗಿರಿ ಎಂದಿದ್ದರು. ಮಲಗಿಕೊಂಡು ಅದನ್ನೇ ಯೋಚಿಸಿದೆ. ಮಗ ಬಂದು ಹೇಗಿದೆ ಎಂದಾಗಲೆಲ್ಲ ಈಗ ಹೇಳಬೇಕು, ಈಗ ಹೇಳಬೇಕು ಎಂದು ಬಾಯಿ ತೆರೆದು, ಪರವಾಗಿಲ್ಲ ಎಂದೆ.

ಒಂದು ಉಪಾಯ ಮಾಡಿದೆ. ನೀರು ಕುಡಿಯುವುದನ್ನೇ ಬಿಟ್ಟೆ. ಕುಡಿಯದಿದ್ದರೆ ಹೋಗಬೇಕಾಗಿಯೂ ಇಲ್ಲವಲ್ಲ.

ಮುಂದಿನ ವಾರದ ಒಂದು ಬೆಳಿಗ್ಗೆ ಎದ್ದಾಗ ಸೀರೆಯ ಹಿಂಭಾಗ ಒದ್ದೆಯಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಬಚ್ಚಲಿಗೆ ಗೋಡೆ ಹಿಡಿದು ಹೋಗಿ ಕುಳಿತೆ. ಹೊಟ್ಟೆ ಬಿಗಿದಿದೆ, ಆದರೆ ಒಂದು ಹನಿಯೂ ಬರುವುದಿಲ್ಲ. ಆ ಜಾಗದಲ್ಲಿ ಕೈಯಿಂದ ಮುಟ್ಟಿಕೊಂಡೆ. ಅದು ನನ್ನ ಮೈ ಎಂದು ಕೈಗೆ ತಿಳಿಯಿತು, ಮೈಗೆ ತಿಳಿಯಲಿಲ್ಲ. ಮಕ್ಕಳೇ, ಆ ಹೊತ್ತಿನ ಭಯವನ್ನು ಬರೆಯಲು ನನಗೆ ಬಾರದು. ಹೊರಗೆ ನೀವಿಬ್ಬರೂ ಶಾಲೆಗೆ ಹೊರಡುವ ಗಡಿಬಿಡಿ, ಕಾವ್ಯ ಸಾಕ್ಸ್ ಸಿಗುತ್ತಿಲ್ಲ ಎಂದು ಕೂಗುತ್ತಿದ್ದಳು. ನಾನು ಒಳಗೆ ನಲ್ಲಿ ಬಿಟ್ಟುಕೊಂಡು ಸೀರೆ ತೊಳೆದೆ. ಯಾರಿಗೂ ಕಾಣದ ಹಾಗೆ ಹಿಂಡಿ ಬಕೆಟ್ಟಿನ ತಳದಲ್ಲಿ ಇಟ್ಟೆ.

ನಿಮ್ಮ ಅಮ್ಮ ಸುಮನ್ ಹರಿಯಾಣದ ರೋಹ್ತಕ್ ಕಡೆಯ ಹುಡುಗಿ. ಮದುವೆಯಾಗಿ ಬಂದಾಗ ಅವಳ ಗಟ್ಟಿ ಬಾಯಿಗೆ ನಾನು ಹೆದರುತ್ತಿದ್ದೆ. ಮನಸ್ಸಿಗೆ ಬಂದದ್ದು ನಾಲಿಗೆಗೆ ಬರಲು ಅವಳಿಗೆ ಒಂದು ಗಳಿಗೆಯೂ ಬೇಡ. ಆ ದಿನ ನೀವೆಲ್ಲ ಹೊರಟುಹೋದ ಮೇಲೆ ಅವಳು ನನ್ನ ಮಂಚದ ಪಕ್ಕಕ್ಕೆ ಬಂದಳು. ಕೈಯಲ್ಲಿ ನನ್ನ ನೀರಿನ ಬಾಟಲಿ.

"ನಿನ್ನೆ ತುಂಬಿಸಿಟ್ಟಿದ್ದು ಹಾಗೇ ಇದೆ. ಮೊನ್ನೆಯೂ ಹಾಗೇ ಇತ್ತು. ಯಾಕೆ ನೀರು ಕುಡೀತಿಲ್ಲ ಮಮ್ಮೀಜಿ?"

ಬಾಯಾರಿಕೆ ಇಲ್ಲ ಎಂದೆ.

"ಬಕೆಟ್‌ನಲ್ಲಿ ಸೀರೆ ಯಾಕಿದೆ?"

ನಾನು ಗೋಡೆಯ ಕಡೆ ತಿರುಗಿದೆ. ತಿರುಗಿದ ಮೇಲೆ ತಿಳಿಯಿತು, ನಾನು ದೊಡ್ಡಮ್ಮನಾಗಿದ್ದೆ.

ಅವಳು ಮಂಚದ ಆ ಕಡೆಗೆ, ಗೋಡೆಗೂ ನನಗೂ ನಡುವಿನ ಇಕ್ಕಟ್ಟಿನಲ್ಲಿ ಬಂದು ಕುಳಿತಳು. "ನನ್ನ ಮುಖ ನೋಡಿ. ಪೇಶಾಬ್ ಬರ್ತಿದೆಯಾ ಇಲ್ವಾ?" ಎಂದಳು.

"ಇಲ್ಲ" ಎಂದೆ.

ಆ ಒಂದು ಮಾತು ಹೊರಗೆ ಬರಲು ಇಷ್ಟು ದಿನ ಬೇಕಾಯಿತು. ಬಂದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಜೋಮು, ಒದ್ದೆ, ಡಾಕ್ಟರ ಪ್ರಶ್ನೆ, ನಿಮ್ಮ ಅಪ್ಪ ಅದನ್ನು ಬದಲಾಯಿಸಿ ಕೇಳಿದ್ದು. ಅವಳು ಬೈಯಲಿಲ್ಲ. ಅಳಲೂ ಇಲ್ಲ. ಫೋನು ತೆಗೆದು ನಿಮ್ಮ ಅಪ್ಪನಿಗೆ, ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗುತ್ತಿದ್ದೇವೆ, ಬಸ್ಸಿಗೆ ಕಾಯಬೇಡಿ, ಏನು ಸಿಕ್ಕಿದರೂ ಹತ್ತಿ ಬನ್ನಿ ಎಂದಳು. ಆಟೋದಲ್ಲಿ ಪ್ರತಿ ಹಳ್ಳಕ್ಕೂ ನನ್ನ ಸೊಂಟವನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಡ್ರೈವರನಿಗೆ "ಭಯ್ಯಾ, ಧೀರೇ" ಎಂದು ನಿಧಾನ ಮಾಡಲು ಗದರುತ್ತಾ, ಮರುಕ್ಷಣ "ಭಯ್ಯಾ, ಜಲ್ದೀ" ಎಂದು ಅವಸರಿಸುತ್ತಾ. ಕೊನೆಗೆ ಅವನು, ದೀದಿ, ಎರಡರಲ್ಲಿ ಒಂದು ಹೇಳಿ ಎಂದ.

ಎಮರ್ಜೆನ್ಸಿ ಎಂದರೆ ಬೇಗ ನೋಡುತ್ತಾರೆ ಎಂದುಕೊಂಡಿದ್ದೆ. ಅಲ್ಲಿ ಎಲ್ಲರೂ ಎಮರ್ಜೆನ್ಸಿಯೇ. ತಲೆಗೆ ಬ್ಯಾಂಡೇಜು ಸುತ್ತಿದವರು, ಏದುಸಿರು ಬಿಡುವವರು, ಸ್ಟ್ರೆಚರಿನ ಮೇಲೆ ಸದ್ದಿಲ್ಲದೆ ಮಲಗಿದವರು. ನನ್ನ ಮೈಮೇಲೆ ಗಾಯವಿಲ್ಲ, ರಕ್ತವಿಲ್ಲ. ಸೊಂಟ ನೋವು ಎಂದರೆ ಅಲ್ಲಿ ಕುಳಿತುಕೊಳ್ಳಿ ಎನ್ನುತ್ತಾರೆ. ಕೌಂಟರಿನವನು ಹಾಗೆಯೇ ಅಂದ. ನಿಮ್ಮ ಅಮ್ಮ ಅಷ್ಟು ಜನರ ನಡುವೆ, ಅರ್ಧ ಹಾಲ್ ತಿರುಗಿ ನೋಡುವ ಹಾಗೆ, ಇವರಿಗೆ ಪೇಶಾಬ್ ನಿಂತುಹೋಗಿದೆ, ಕೆಳಗೆ ಸ್ಪರ್ಶ ಇಲ್ಲ ಎಂದು ಹೇಳಿದಳು. ನನಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಆದರೆ ಅಲ್ಲೇ ದಾಟಿ ಹೋಗುತ್ತಿದ್ದ ಎಳೆಯ ವಯಸ್ಸಿನ ಲೇಡಿ ಡಾಕ್ಟರ್ ಒಬ್ಬಳು ನಿಂತಳು. "ಕಬ್ ಸೇ?", ಯಾವಾಗಿನಿಂದ, ಎಂದಳು. ನಿಮ್ಮ ಅಮ್ಮ ಹೇಳಿದಳು. ಲೇಡಿ ಡಾಕ್ಟರ ಮುಖ ಬದಲಾಯಿತು. ಸ್ಟ್ರೆಚರ್ ಬಂತು.

ಪರದೆಯ ಹಿಂದೆ ಅವಳು ಸೂಜಿಯ ತುದಿಯಿಂದ ಅಲ್ಲಲ್ಲಿ ಮುಟ್ಟಿ, ತಿಳಿಯುತ್ತಿದೆಯೇ ಎಂದು ಕೇಳಿದಳು. ತೊಡೆಯ ಹೊರಗೆ ತಿಳಿಯಿತು. ಒಳಗೆ ಬಂದ ಹಾಗೆ ಅವಳು ಕೇಳುತ್ತಲೇ ಇದ್ದಳು, ನಾನು ಇಲ್ಲ, ಇಲ್ಲ ಎನ್ನುತ್ತಲೇ ಇದ್ದೆ. ಇನ್ನೂ ಕೆಲವು ಪರೀಕ್ಷೆ ಮಾಡಿದಳು, ಅವನ್ನು ಬರೆಯುವುದಿಲ್ಲ. ಮಾಡುವ ಮೊದಲು ನನ್ನ ಕಿವಿಯ ಹತ್ತಿರ ಬಗ್ಗಿ, ಆಂಟೀ, ಈಗ ಹೀಗೆ ಮಾಡುತ್ತೇನೆ ಎಂದು ಪ್ರತಿ ಸಲವೂ ಹೇಳಿದಳು. ಅದೊಂದು ಸಣ್ಣ ಉಪಕಾರ. ಅವಳ ಹೆಸರು ಕೇಳಲಿಲ್ಲವಲ್ಲ ಎಂದು ಈಗ ಬೇಸರವಾಗುತ್ತದೆ. ಆಮೇಲೆ ಮೂತ್ರ ಹೊರಗೆ ಬರಲು ನಳಿಕೆ ಹಾಕಿದರು. ಚೀಲ ತುಂಬಿದ್ದನ್ನು ನೋಡಿ ನಿಮ್ಮ ಅಮ್ಮ ಬಾಯಿಗೆ ದುಪಟ್ಟಾ ಹಿಡಿದುಕೊಂಡಳು.

ಸ್ಕ್ಯಾನ್ ಕೋಣೆಯ ಹೊರಗೆ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಎಂದರು. ಬಳೆ ಬಂತು, ಓಲೆ ಬಂತು. ಮೂಗುಬೊಟ್ಟು ಬರಲಿಲ್ಲ. ಹುಡುಗಿಯಾಗಿದ್ದಾಗ ಹಾಕಿದ್ದು, ಯಾವತ್ತೂ ತೆಗೆದದ್ದಿಲ್ಲ. ನಿಮ್ಮ ಅಮ್ಮ ಕೈ ತೊಳೆಯುವ ಸೋಪು ತಂದು ನೊರೆ ಮಾಡಿ ತಿರುವಿದಳು. ಬಾಗಿಲಲ್ಲಿ ನಿಂತವನು ಬೇಗ ಬೇಗ ಎನ್ನುತ್ತಿದ್ದ. ಮೂಗು ಉರಿದು ಕಣ್ಣಲ್ಲಿ ನೀರು ಬಂತು. ಅಷ್ಟು ಹೊತ್ತು ಅಳಲು ಸಿಗದ ನೆಪ ಸಿಕ್ಕಿತು ನೋಡಿ, ನಾನು ಅತ್ತೆ. ಅವಳು ಸೋಪಿನ ಕೈಯಿಂದಲೇ ಕಣ್ಣು ಒರೆಸಿದಳು. ಕಣ್ಣೂ ಉರಿಯಿತು.

ಕೊಳವೆಯೊಳಗೆ ಮಲಗಿಸಿ ಕಿವಿಗೆ ಏನೋ ಸಿಕ್ಕಿಸಿದರು. ಒಳಗೆ ಆ ಸದ್ದು. ಕಿವಿಯ ಪಕ್ಕದಲ್ಲೇ ಯಾರೋ ತಗಡು ಬಡಿಯುವ ಹಾಗೆ. ಅಲುಗಬಾರದು ಎಂದಿದ್ದರು. ಅಲುಗದೆ ಇರುವುದು ಇನ್ನು ಮುಂದೆ ನನ್ನ ಪಾಲಿನ ಕೆಲಸವೇ ಆಗಬಹುದು ಎಂಬ ಯೋಚನೆ ಅಲ್ಲಿ ಬಂತು. ಎಡಗಾಲಿನ ಹೆಬ್ಬೆರಳನ್ನು ಸ್ವಲ್ಪವೇ ಆಡಿಸಬೇಕು, ಇದೆಯೋ ಇಲ್ಲವೋ ನೋಡಬೇಕು ಅನ್ನಿಸಿ ಪ್ರಾಣ ಒದ್ದಾಡಿತು. ಆಡಿಸಲಿಲ್ಲ.

ನಿಮ್ಮ ಅಪ್ಪ ಬಂದಾಗ ದೊಡ್ಡ ಡಾಕ್ಟರು ಫಿಲಂ ಹಿಡಿದುಕೊಂಡಿದ್ದರು. ಬೆನ್ನುಮೂಳೆಯ ನಡುವಿನ ಒಂದು ಗಾದಿ ಒಡೆದು ಹೊರಗೆ ಬಂದು ನರಗಳ ಗೊಂಚಲನ್ನು ಒತ್ತಿಕೊಂಡಿದೆ, ಇವತ್ತೇ ತೆಗೆಯಬೇಕು ಎಂದರು. ಕಾಲು ಬಹುಶಃ ಉಳಿಯುತ್ತದೆ, ಉಳಿದದ್ದು ಎಷ್ಟು ವಾಪಸು ಬರುತ್ತದೆ ಎಂದು ಈಗ ಹೇಳಲಾಗದು ಎಂದರು. ಇದು ಎಷ್ಟು ದಿನದಿಂದ ಇತ್ತು, ಯಾರೂ ಕೇಳಲಿಲ್ಲವೇ ಎಂದರು. ನಿಮ್ಮ ಅಪ್ಪ ಸಹಿ ಮಾಡಿ ಬಂದು ನನ್ನ ಕಾಲ ಬಳಿ ನಿಂತ. ಹಾಸಿಗೆಯ ಮೇಲಿದ್ದ ನನ್ನ ಎಡಪಾದವನ್ನು ಕೈಯಲ್ಲಿ ಹಿಡಿದುಕೊಂಡ. ಅವನು ಹಿಡಿದದ್ದು ನನಗೆ ಕಂಡಿತು. ಅವನ ಕೈಯ ಬಿಸಿ ತಿಳಿಯಲಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ.

ಒಳಗೆ ಕರೆದೊಯ್ಯುವ ಮುಂಚೆ ನಿಮ್ಮ ಅಮ್ಮನ ಕೈ ಹಿಡಿದು ಕೇಳಿದೆ. "ಸುಮನ್, ಮಲಗಿದಲ್ಲೇ ಉಳಿದುಬಿಟ್ಟರೆ?"

"ಉಳಿದರೆ ನಾನು ತೊಳೀತೀನಿ. ನೀವು ಗೋಡೆ ಕಡೆ ತಿರುಗೋ ಹಾಗಿಲ್ಲ, ನನ್ನ ಜೊತೆ ಮಾತಾಡ್ತಾ ಇರಬೇಕು. ಅಷ್ಟೇ ಶರತ್ತು" ಎಂದಳು. ಮತ್ತೆ, "ಅದಕ್ಕಿಂತ ಎದ್ದು ನಡೆಯೋದೇ ನಿಮಗೆ ಸುಲಭ" ಎಂದಳು.

ಆಪರೇಷನ್ ಆದ ಮೇಲೆ ಕಾಲಿನ ಕರೆಂಟು ನಿಂತಿತು. ಆ ಸಂತೋಷ ಪಡಲು ನನಗೆ ಧೈರ್ಯವಿರಲಿಲ್ಲ. ನಳಿಕೆ ಇನ್ನೂ ಇತ್ತು. ಅದನ್ನು ತೆಗೆದ ದಿನ ತಾನಾಗಿ ಆಗುತ್ತದೆಯೋ ಇಲ್ಲವೋ ಎಂದು ಗೊತ್ತಾಗಬೇಕು. ನರ್ಸ್ ದಿನವೂ ನಾಳೆ ನೋಡೋಣ ಎನ್ನುತ್ತಿದ್ದಳು. ಪ್ರತಿ ನಾಳೆಯೂ ನನಗೆ ತೀರ್ಪಿನ ದಿನ.

ಹೆಂಗಸರ ವಾರ್ಡು. ಪಕ್ಕದ ಮಂಚದಲ್ಲಿ ಸೋನಿಪತ್ತಿನ ಮುದುಕಿಯೊಬ್ಬಳು, ಸೊಂಟದ ಮೂಳೆ ಮುರಿದುಕೊಂಡವಳು. ನನ್ನನ್ನು ಮದ್ರಾಸನ್ ಎಂದೇ ಕರೆಯುತ್ತಿದ್ದಳು. ನಮ್ಮೂರು ಮದ್ರಾಸಿನ ಹತ್ತಿರವೂ ಇಲ್ಲ ಎಂದು ನಿಮ್ಮ ಅಮ್ಮ ಹೇಳಿದಳು. ಇಲ್ಲಿಂದ ನೋಡಿದರೆ ಎಲ್ಲ ಒಂದೇ ಕಡೆ ಇದೆ ಎಂದಳು ಮುದುಕಿ. ಕಾರು ಪಾಲಿಶ್ ಮಾಡುವವಳು ಎಂದು ತಿಳಿದ ಮೇಲೆ ಅವಳಿಗೆ ನಂಬಿಕೆಯೇ ಬರಲಿಲ್ಲ. ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿ, ಗಟ್ಟಿಯಾದ ಜಾಗಗಳನ್ನು ಮುಟ್ಟಿ, ಅಚ್ಛಾ ಎಂದು ಒಪ್ಪಿಕೊಂಡಳು.

ನಳಿಕೆ ತೆಗೆದ ದಿನ ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ನೀರು ಕುಡಿಸಿದರು, ಇನ್ನೂ ಕುಡಿಸಿದರು. ಹೊಟ್ಟೆ ಬಿಗಿಯಿತು. ಇನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಹಾಕುತ್ತೇವೆ, ಹಾಕಿಕೊಂಡೇ ಮನೆಗೆ ಹೋಗಬೇಕಾದೀತು ಎಂದು ನರ್ಸ್ ಹೇಳಿಹೋದಳು. ಪರದೆ ಎಳೆದು ನಿಮ್ಮ ಅಮ್ಮ ನನ್ನನ್ನು ಕಮೋಡ್ ಕುರ್ಚಿಯ ಮೇಲೆ ಕೂರಿಸಿದಳು. ಪರದೆಯ ಆಚೆ ಇಡೀ ವಾರ್ಡು ಸುಮ್ಮನಾಗಿತ್ತು. ಎಲ್ಲರಿಗೂ ಗೊತ್ತು ನಾನು ಏನು ಮಾಡುತ್ತಿದ್ದೇನೆ ಎಂದು. ನಾಚಿಕೆಯಿಂದ ಇದ್ದದ್ದೂ ಬಿಗಿದುಕೊಂಡಿತು.

ಆಗ ಸೋನಿಪತ್ತಿನ ಮುದುಕಿಯ ದನಿ ಬಂತು. "ಅರೇ, ಯಾರಾದರೂ ನಲ್ಲಿ ಬಿಡಿ. ಮದ್ರಾಸನ್ ಕಿವಿಗೆ ನೀರಿನ ಸದ್ದು ಬೀಳಲಿ. ನೀವೆಲ್ಲ ಏನು ಮದುವೆ ಮನೆ ನೋಡೋ ಹಾಗೆ ಕೂತಿದ್ದೀರಿ, ಮಾತಾಡಿ."

ಯಾರೋ ಮೂಲೆಯ ವಾಷ್‌ಬೇಸಿನ್ನಿನ ನಲ್ಲಿ ತಿರುಗಿಸಿದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಬೇಕೆಂದೇ ಜೋರಾಗಿ. ಒಬ್ಬಳು ಬದನೆಕಾಯಿಯ ಪಲ್ಯ ಹೇಗೆ ಮಾಡುವುದು ಎನ್ನುತ್ತಿದ್ದಳು, ಇನ್ನೊಬ್ಬಳು ತನ್ನ ನಾದಿನಿಯನ್ನು ಬೈಯುತ್ತಿದ್ದಳು. ಆ ಗಲಾಟೆಯ ಮರೆಯಲ್ಲಿ ನಾನು ಕಣ್ಣು ಮುಚ್ಚಿ ಕುಳಿತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಹನಿ. ಅದು ಬಂದದ್ದು ತಿಳಿಯಿತು, ಮಕ್ಕಳೇ. ಬಂದದ್ದಕ್ಕಿಂತ ಅದು ತಿಳಿದದ್ದು ದೊಡ್ಡದು. ಆಮೇಲೆ ಇನ್ನೊಂದು. ಆಮೇಲೆ ತಡೆದು ತಡೆದು, ನಿಂತು ನಿಂತು, ಬಂತು.

ನಿಮ್ಮ ಅಮ್ಮ ಪರದೆ ಸರಿಸಿ, ಬಾಗಿಲ ಹೊರಗೆ ನಿಂತಿದ್ದ ನಿಮ್ಮ ಅಪ್ಪನಿಗೆ ಕೇಳುವ ಹಾಗೆ "ಹೋ ಗಯಾ" ಎಂದಳು. ವಾರ್ಡಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಿಮ್ಮ ಅಪ್ಪ ಕಾರಿಡಾರಿನ ನೆಲದ ಮೇಲೆಯೇ ಕುಳಿತುಬಿಟ್ಟನಂತೆ.

ಎಲ್ಲವೂ ವಾಪಸು ಬರಲಿಲ್ಲ. ಎಡಗಾಲಿನ ಕಿರುಬೆರಳು ಈಗಲೂ ಜೋಮು. ಬಚ್ಚಲಲ್ಲಿ ಅವಸರ ಮಾಡಲಾಗದು, ಬಾಗಿಲು ಬಡಿಯಬೇಡಿ ಎಂದು ನಾನು ಹೇಳುವುದು ಅದಕ್ಕೇ. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಬೆರಳು ಆಡಿಸಿ ನೋಡುತ್ತೇನೆ, ಆಮೇಲೆ ದೇವರು. ಭಯ ಹೋಗಿಲ್ಲ. ಸಣ್ಣದಾಗಿ ಒಂದು ಕಡೆ ಕುಳಿತಿದೆ.

ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿ ಒಂದು ದಿನ ಖಾಲಿ ಬಾಟಲಿ ಕೈಗೆ ಕೊಟ್ಟು, ಇದೇ ಮಶೀನು, ಹೇಗೆ ಮಾಡುತ್ತಿದ್ದಿರಿ ತೋರಿಸಿ ಎಂದಳು. ತೋರಿಸಲು ಹೊರಟವಳನ್ನು ಅರ್ಧದಲ್ಲೇ ಭುಜ ಹಿಡಿದು ನಿಲ್ಲಿಸಿದಳು. ಕುಳಿತು ಯಾಕೆ ಮಾಡಲಿಲ್ಲ ಎಂದಳು. ನಿಮ್ಮ ಅಮ್ಮ ಸ್ಟೂಲಿನ ಕಥೆ ಹೇಳಿದಳು. ಆ ಹುಡುಗಿ ನಗಲಿಲ್ಲ. ಅವರ ಸ್ಟೂಲು ಅವರದ್ದಾಗಿಯೇ ಇರಲಿ, ನಿಮ್ಮದು ಅಂತ ಒಂದು ಬೇಕಲ್ಲ ಎಂದಳಷ್ಟೇ. ಮಾರನೆಯ ದಿನ ನಿಮ್ಮ ಅಮ್ಮ ನೀಲಿ ಬಣ್ಣದ ಪ್ಲಾಸ್ಟಿಕ್ ಸ್ಟೂಲು ತಂದು ಶೆಡ್ಡಿನಲ್ಲಿಟ್ಟಳು. ಅಜ್ಜನ ಸ್ಟೂಲಿನ ಮೇಲೆ ಈಗ ಭೋಲಾ ಕುಳಿತು ಚಕ್ರ ತೊಳೆಯುತ್ತಾನೆ. ಅವನಿಗೆ ಯಾವ ಸಂಕೋಚವೂ ಇಲ್ಲ. ಮೊದಲ ದಿನ ಅದನ್ನು ನೋಡಲಾರದೆ ಹೊರಗೆ ಹೋಗಿದ್ದೆ, ಈಗ ಹೋಗುವುದಿಲ್ಲ.

ನಿಖಿಲ, ಮಶೀನು ಹಿಡಿಯಬೇಡ ಎಂದು ನಾನು ಹೇಳುವುದಿಲ್ಲ. ಹಿಡಿ. ಆದರೆ ಕೆಲಸವನ್ನು ನಿನ್ನ ಎತ್ತರಕ್ಕೆ ತಂದುಕೋ, ನೀನು ಅದರ ಎತ್ತರಕ್ಕೆ ಇಳಿಯಬೇಡ. ಕೆಳಬಾಗಿಲಿಗೆ ಕುಳಿತುಕೋ, ಇಲ್ಲವೇ ಗೋಣಿ ಮಡಿಸಿ ಹಾಕಿ ಒಂದು ಮೊಣಕಾಲೂರು. ಮೊಣಕೈ ಪಕ್ಕೆಗೆ ಹತ್ತಿರ ಇರಲಿ, ಕೈ ಚಾಚಿ ಉಜ್ಜಬೇಡ, ಪಾದ ಸರಿಸಿ ನೀನೇ ಹತ್ತಿರ ಹೋಗು. ವೈರನ್ನು ಭುಜದ ಮೇಲಿಂದ ಹಾಯಿಸಿಕೋ, ಅದನ್ನು ತಪ್ಪಿಸಲು ಮೈ ತಿರುಚುವುದು ತಪ್ಪುತ್ತದೆ. ಒತ್ತಬೇಡ, ಮಶೀನಿನ ಭಾರವೇ ಸಾಕು. ಎರಡು ಗೇಣು ಜಾಗ ಮಾಡು, ಎದ್ದು ನೆಟ್ಟಗೆ ನಿಲ್ಲು, ಮತ್ತೆ ಎರಡು ಗೇಣು. ಸಾಲು ಮುಗಿಯುವ ತನಕ ಕಾಯಬೇಡ. ನಾನೂ ಈಗ ಹೀಗೆಯೇ ಮಾಡುವುದು, ಡಾಕ್ಟರು ಒಪ್ಪಿದಷ್ಟು ಮಾತ್ರ. ಇಡೀ ಕಾರನ್ನು ಒಂದೇ ದಿನದಲ್ಲಿ ಮುಗಿಸುವುದಿಲ್ಲ. ಅವಸರ ಇರುವವರು ಬೇರೆ ಕಡೆ ಹೋಗುತ್ತಾರೆ, ಹೋಗಲಿ.

ಕಾವ್ಯ, ನೀನು ನನ್ನ ಹಾಗೆ ಮಾತಿಗೆ ಹಿಂಜರಿಯುವವಳು. ಮೈಯಲ್ಲಿ ಯಾವ ಜಾಗ ನೋಯುತ್ತಿದೆಯೋ ಆ ಜಾಗದ ಹೆಸರು ಹೇಳಲು ನಿನಗೂ ಒಂದು ದಿನ ಕಷ್ಟವಾಗಬಹುದು. ಆಗ ನಿನ್ನ ಅಮ್ಮನ ಹತ್ತಿರ ಹೋಗು. ಅವಳಿಗೆ ಎಲ್ಲ ಹೆಸರುಗಳೂ ಗೊತ್ತು, ಯಾವುದಕ್ಕೂ ಅವಳ ದನಿ ಇಳಿಯುವುದಿಲ್ಲ.

ನಿಮಗಿಬ್ಬರಿಗೂ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಇದನ್ನು ನಿಮ್ಮ ಅಪ್ಪನೇ ಓದಿ ಹೇಳಬೇಕು. ಆ ಕ್ಲಿನಿಕ್ಕಿನ ದಿನದ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಮಾತಾಡಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳಲಾರದ್ದನ್ನು ನಾನೂ ಹೇಳಲಾರದೆ ಹೋದೆ, ನಾವಿಬ್ಬರೂ ಒಂದೇ ಮನೆಯವರು. ಓದುತ್ತಾ ಅಲ್ಲಿಗೆ ಬಂದಾಗ ಅವನು ಕೆಮ್ಮಿ, ಎರಡು ಸಾಲು ಬಿಟ್ಟು ಮುಂದಕ್ಕೆ ಹೋಗಬಹುದು. ಬಿಡಬೇಡಿ. ಹಿಂದಕ್ಕೆ ಕರೆದು ಓದಿಸಿ, ಜೋರಾಗಿ.